ಫೋಲ್ಸಮ್ ಪ್ರಿಸನ್ ಬ್ಲೂಸ್

‘ಫೋಲ್ಸಮ್ ಪ್ರಿಸನ್ ಬ್ಲೂಸ್’ ಅಮೆರಿಕದ ಗಾಯಕ ಹಾಗೂ ಗೀತರಚನಕಾರ ಜಾನಿ ಕ್ಯಾಶ್ (1932–2003) ಅವರು ಬರೆದು ಹಾಡಿದ ಕಂಟ್ರಿ ಶೈಲಿಯ ಗೀತೆ. ಕಂಟ್ರಿ ಎಂಬುದು ಅಮೆರಿಕದ ದಕ್ಷಿಣ ರಾಜ್ಯಗಳ ಗ್ರಾಮೀಣ ಜನರ ನಡುವೆ ರೂಪುಗೊಂಡ ಜನಪ್ರಿಯ ಸಂಗೀತ ಪ್ರಕಾರ. ಕ್ಯಾಲಿಫೋರ್ನಿಯದ ಫೋಲ್ಸಮ್ ಸೆರೆಮನೆಯಲ್ಲಿರುವ ಕೈದಿಯೊಬ್ಬನ ಸ್ವಗತದ ರೂಪದಲ್ಲಿರುವ ಈ ಗೀತೆ 1955ರಲ್ಲಿ ಮೊದಲು ಬಿಡುಗಡೆಯಾಯಿತು. 1968ರಲ್ಲಿ ಅದೇ ಸೆರೆಮನೆಯೊಳಗೆ ಕೈದಿಗಳ ಎದುರು ಹಾಡಿ ಮುದ್ರಿಸಿದ ಆವೃತ್ತಿಯು ಇನ್ನೂ ಹೆಚ್ಚು ಪ್ರಸಿದ್ಧವಾಯಿತು. ಸೆರೆಶಿಕ್ಷೆಯನ್ನು ಅನುಭವಿಸದ ವ್ಯಕ್ತಿಯೊಬ್ಬರು ಬರೆದ ಗೀತೆಯು ಸೆರೆಯಲ್ಲಿದ್ದವರ ದನಿಯೆಂದು ಮನ್ನಣೆ ಪಡೆದದ್ದು ಇದರ ವಿಶೇಷ.

ಹಿನ್ನೆಲೆ

ಫೋಲ್ಸಮ್ ಸೆರೆಮನೆಯು ಸ್ಯಾಕ್ರಮೆಂಟೊ ನಗರದ ಸಮೀಪದಲ್ಲಿದೆ. 1880ರಲ್ಲಿ ಆರಂಭವಾದ ಇದು ಕಗ್ಗಲ್ಲಿನ ಗೋಡೆಗಳಿಗೂ ಕಠಿಣ ಶಿಸ್ತಿಗೂ ಹೆಸರಾಗಿತ್ತು. 1950ರ ದಶಕದ ಆರಂಭದಲ್ಲಿ ಕ್ಯಾಶ್ ಅವರು ಅಮೆರಿಕದ ವಾಯುಪಡೆಯ ಸಿಬ್ಬಂದಿಯಾಗಿ ಪಶ್ಚಿಮ ಜರ್ಮನಿಯ ಲ್ಯಾಂಡ್ಸ್‌ಬರ್ಗ್‌ನಲ್ಲಿದ್ದರು. ಅಲ್ಲಿ ಅವರು ಈ ಸೆರೆಮನೆಯನ್ನು ಕುರಿತ ‘ಇನ್‌ಸೈಡ್ ದ ವಾಲ್ಸ್ ಆಫ್ ಫೋಲ್ಸಮ್ ಪ್ರಿಸನ್’ (1951) ಎಂಬ ಚಲನಚಿತ್ರವನ್ನು ನೋಡಿದರು. ಆ ಚಿತ್ರವೇ ಗೀತೆಗೆ ಪ್ರೇರಣೆಯಾಯಿತು. ಮನೆಯಿಂದ ಬಹುದೂರದಲ್ಲಿ ಸೇನಾಶಿಬಿರದ ಕಟ್ಟುಪಾಡಿನೊಳಗಿದ್ದ ಯುವಕನು ಗೀತೆಯನ್ನು ಬರೆದನೆಂಬುದು ಇಲ್ಲಿ ಗಮನಾರ್ಹ.

ವಸ್ತು

ಗೀತೆಯಲ್ಲಿ ಘಟನೆಗಳು ಹೆಚ್ಚಿಲ್ಲ. ಸೆರೆಮನೆಯ ಸಮೀಪದಲ್ಲಿ ಹಾದುಹೋಗುವ ರೈಲಿನ ಸದ್ದು ಕೈದಿಯ ಕಿವಿಗೆ ಬೀಳುತ್ತದೆ. ಬುದ್ಧಿ ಹೇಳಿದ ತಾಯಿ, ತಾನು ಮಾಡಿದ ಕೊಲೆ, ರೈಲಿನಲ್ಲಿ ನೆಮ್ಮದಿಯಾಗಿ ಕುಳಿತಿರಬಹುದಾದ ಸಿರಿವಂತ ಪ್ರಯಾಣಿಕರು ಹೀಗೆ ಅವನ ಮನಸ್ಸು ಅಲೆಯುತ್ತದೆ. ಕೊಲೆಗೆ ಅವನು ನೀಡುವ ಕಾರಣವು ದ್ವೇಷವೂ ಅಲ್ಲ, ಹಣವೂ ಅಲ್ಲ. ಒಬ್ಬನು ಸಾಯುವುದನ್ನು ಕಾಣುವ ಕುತೂಹಲ ಮಾತ್ರ. ಕೊಲೆಗೆ ಇರಬಹುದಾದ ಅತ್ಯಂತ ಹೀನ ಕಾರಣವನ್ನು ಯೋಚಿಸಿ ಈ ಸಾಲನ್ನು ಬರೆದುದಾಗಿ ಕ್ಯಾಶ್ ಅವರು ಮುಂದೆ ಹೇಳಿದ್ದಾರೆ.

ಕೈದಿಯು ತನ್ನ ಶಿಕ್ಷೆ ಅನ್ಯಾಯವೆಂದು ದೂರುವುದಿಲ್ಲ. ತಾನು ಬಿಡುಗಡೆಗೆ ಅರ್ಹನಲ್ಲವೆಂಬುದು ಅವನಿಗೆ ತಿಳಿದಿದೆ. ಸಿರಿವಂತರ ಸುಖಕ್ಕಿಂತ, ಅವರು ಚಲಿಸುತ್ತಿದ್ದಾರೆ, ತಾನು ನಿಂತಲ್ಲೇ ಇದ್ದೇನೆ ಎಂಬ ಅರಿವು ಅವನನ್ನು ಹೆಚ್ಚು ಬಾಧಿಸುತ್ತದೆ. ಅಮೆರಿಕದ ಜನಪದದಲ್ಲಿ ಬೇರೂರಿದ್ದ ರೈಲಿನ ಹಾಡು ಮತ್ತು ಸೆರೆಮನೆಯ ಹಾಡು ಎಂಬ ಎರಡು ಪರಂಪರೆಗಳು ಇಲ್ಲಿ ಒಂದುಗೂಡಿವೆ. ಕೊಲೆ ನಡೆದ ರೀನೊ ನಗರವು ನೆವಾಡ ರಾಜ್ಯದಲ್ಲಿದ್ದು, ಅಪರಾಧಿಯು ಕ್ಯಾಲಿಫೋರ್ನಿಯದ ಸೆರೆಮನೆಯಲ್ಲಿರುವುದು ಹೇಗೆಂಬುದಕ್ಕೆ ಗೀತೆಯಲ್ಲಿ ವಿವರಣೆಯಿಲ್ಲ.

ಮೊದಲ ಧ್ವನಿಮುದ್ರಣ

1955ರ ಜುಲೈ 30ರಂದು ಟೆನೆಸಿ ರಾಜ್ಯದ ಮೆಂಫಿಸ್ ನಗರದ ಸನ್ ಸ್ಟುಡಿಯೊದಲ್ಲಿ ಗೀತೆಯನ್ನು ಧ್ವನಿಮುದ್ರಿಸಲಾಯಿತು. ಸ್ಯಾಮ್ ಫಿಲಿಪ್ಸ್ ನಿರ್ಮಾಪಕರು. ಲೂಥರ್ ಪರ್ಕಿನ್ಸ್ ವಿದ್ಯುತ್ ಗಿಟಾರನ್ನೂ ಮಾರ್ಷಲ್ ಗ್ರ್ಯಾಂಟ್ ಬಾಸ್ ವಾದ್ಯವನ್ನೂ ನುಡಿಸಿದರು. ತಂಡದಲ್ಲಿ ಡ್ರಮ್ ವಾದಕರಿರಲಿಲ್ಲ. ಆ ಕೊರತೆಯನ್ನು ತುಂಬಲು ಕ್ಯಾಶ್ ಅವರು ತಮ್ಮ ಗಿಟಾರಿನ ತಂತಿಗಳ ನಡುವೆ ಕಾಗದದ ತುಂಡನ್ನು ಸಿಕ್ಕಿಸಿ ಡ್ರಮ್ಮನ್ನು ಹೋಲುವ ಒಣ ಸದ್ದನ್ನು ಹೊರಡಿಸುತ್ತಿದ್ದರು. ರೈಲಿನ ಓಟವನ್ನು ನೆನಪಿಸುವ ಈ ಲಯವೇ ಅವರ ಸಂಗೀತದ ಗುರುತಾಯಿತು. ಗೀತೆಯು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 4ನೆಯ ಸ್ಥಾನವನ್ನು ತಲುಪಿತು.

ಕೃತಿಸ್ವಾಮ್ಯದ ವಿವಾದ

ಗೀತೆಯ ಧಾಟಿ ಹಾಗೂ ಹಲವು ಸಾಲುಗಳು ಸಂಗೀತ ಸಂಯೋಜಕ ಗಾರ್ಡನ್ ಜೆಂಕಿನ್ಸ್ ಅವರ ‘ಕ್ರೆಸೆಂಟ್ ಸಿಟಿ ಬ್ಲೂಸ್’ (1953) ಎಂಬ ಗೀತೆಯಿಂದ ಬಂದವು. ಜೆಂಕಿನ್ಸ್ ಅವರ ಗೀತೆಯಲ್ಲಿ ರೈಲಿನ ಸದ್ದನ್ನು ಆಲಿಸುವವಳು ಸಣ್ಣ ಊರಿನ ಬದುಕಿನಿಂದ ಬೇಸತ್ತ ಒಂಟಿ ಹೆಣ್ಣು. ಕ್ಯಾಶ್ ಅವರು ಆಕೆಯ ಸ್ಥಾನದಲ್ಲಿ ಕೊಲೆಗಡುಕನನ್ನು ನಿಲ್ಲಿಸಿ ಗೀತೆಯ ಅರ್ಥವನ್ನೇ ಬದಲಿಸಿದರು. ಆದರೂ ಮೂಲದ ಋಣ ಸ್ಪಷ್ಟವಾಗಿತ್ತು. 1970ರ ದಶಕದ ಆರಂಭದಲ್ಲಿ ಅವರು ಜೆಂಕಿನ್ಸ್ ಅವರಿಗೆ ಸುಮಾರು 75,000 ಡಾಲರ್ ನೀಡಿ ವಿವಾದವನ್ನು ಬಗೆಹರಿಸಿಕೊಂಡರು.

ಸೆರೆಮನೆಯಲ್ಲಿ ಪ್ರದರ್ಶನ

1968ರ ಜನವರಿ 13ರಂದು ಕ್ಯಾಶ್ ಅವರು ಫೋಲ್ಸಮ್ ಸೆರೆಮನೆಯ ಭೋಜನಶಾಲೆಯಲ್ಲಿ ಎರಡು ಪ್ರದರ್ಶನಗಳನ್ನು ನೀಡಿದರು. ಜೂನ್ ಕಾರ್ಟರ್, ಕಾರ್ಲ್ ಪರ್ಕಿನ್ಸ್ ಮತ್ತು ಸ್ಟ್ಯಾಟ್ಲರ್ ಬ್ರದರ್ಸ್ ತಂಡದವರು ಜೊತೆಗಿದ್ದರು. ಅಲ್ಲಿ ಕೈದಿಯಾಗಿದ್ದ ಗ್ಲೆನ್ ಶೆರ್ಲಿ ಅವರು ಸೆರೆಮನೆಯ ಪ್ರಾರ್ಥನಾಲಯವನ್ನು ಕುರಿತು ಬರೆದ ‘ಗ್ರೇಸ್ಟೋನ್ ಚ್ಯಾಪೆಲ್’ ಗೀತೆಯನ್ನೂ ಕ್ಯಾಶ್ ಅವರು ಅಂದು ಹಾಡಿದರು. ಬಾಬ್ ಜಾನ್ಸ್ಟನ್ ನಿರ್ಮಿಸಿದ ಈ ಧ್ವನಿಮುದ್ರಿಕೆಯು ‘ಅಟ್ ಫೋಲ್ಸಮ್ ಪ್ರಿಸನ್’ ಎಂಬ ಹೆಸರಿನಲ್ಲಿ ಅದೇ ವರ್ಷ ಪ್ರಕಟವಾಯಿತು.

ಧ್ವನಿಮುದ್ರಿಕೆಯಲ್ಲಿ ಕೊಲೆಯ ಸಾಲು ಮುಗಿಯುತ್ತಲೇ ಕೈದಿಯೊಬ್ಬನ ಹರ್ಷೋದ್ಗಾರ ಕೇಳಿಸುತ್ತದೆ. ಕೈದಿಗಳು ಹಿಂಸೆಯನ್ನು ಸಂಭ್ರಮಿಸಿದರೆಂಬ ಭಾವನೆಗೆ ಇದು ಕಾರಣವಾಗಿದೆ. ವಾಸ್ತವದಲ್ಲಿ ಆ ಉದ್ಗಾರವನ್ನು ಸಂಕಲನದ ವೇಳೆ ಸೇರಿಸಲಾಗಿತ್ತು. ಕಾವಲುಗಾರರ ಕಣ್ಣೆದುರು ಕುಳಿತಿದ್ದ ಕೈದಿಗಳು ಅಪರಾಧವನ್ನು ಮೆಚ್ಚಿದಂತೆ ಕಾಣದಿರಲು ಎಚ್ಚರ ವಹಿಸಿದ್ದರೆಂದು ಸಂಶೋಧಕ ಮೈಕೆಲ್ ಸ್ಟ್ರೈಸ್‌ಗತ್ ತಿಳಿಸಿದ್ದಾರೆ.

1968ರ ಜೂನ್‌ನಲ್ಲಿ ಸೆನೆಟ್ ಸದಸ್ಯ ರಾಬರ್ಟ್ ಕೆನೆಡಿ ಅವರು ಗುಂಡೇಟಿಗೆ ಬಲಿಯಾದಾಗ ಕೆಲವು ರೇಡಿಯೊ ಕೇಂದ್ರಗಳು ಈ ಗೀತೆಯ ಪ್ರಸಾರವನ್ನು ನಿಲ್ಲಿಸಿದವು. ಕ್ಯಾಶ್ ಅವರ ವಿರೋಧದ ನಡುವೆಯೂ ಕೊಲಂಬಿಯಾ ಸಂಸ್ಥೆಯು ಕೊಲೆಯ ಸಾಲನ್ನು ಕತ್ತರಿಸಿ ಮರುಬಿಡುಗಡೆ ಮಾಡಿತು. ಗೀತೆಯು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕ್ಯಾಶ್ ಅವರಿಗೆ ಅತ್ಯುತ್ತಮ ಕಂಟ್ರಿ ಗಾಯಕ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಪ್ರಭಾವ

ಕ್ಯಾಶ್ ಅವರು ಸಣ್ಣಪುಟ್ಟ ಪ್ರಕರಣಗಳಲ್ಲಿ ಬಂಧನಕ್ಕೊಳಗಾಗಿ ಒಂದೆರಡು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದುಂಟು. ದೀರ್ಘ ಶಿಕ್ಷೆಯನ್ನು ಅನುಭವಿಸಿದವರಲ್ಲ. ಆದರೆ ಗೀತೆಯು ಅವರನ್ನು ಕೈದಿಗಳ ಸಮಸ್ಯೆಗಳ ಹತ್ತಿರಕ್ಕೆ ಒಯ್ದಿತು. 1969ರಲ್ಲಿ ಅವರು ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲೂ ಹಾಡಿ ಧ್ವನಿಮುದ್ರಿಸಿದರು. 1972ರಲ್ಲಿ ಸೆನೆಟ್‌ನ ಉಪಸಮಿತಿಯ ಮುಂದೆ ಹಾಜರಾಗಿ ಸೆರೆಮನೆಗಳ ಸುಧಾರಣೆಗಾಗಿ ವಾದಿಸಿದರು. ‘ಅಟ್ ಫೋಲ್ಸಮ್ ಪ್ರಿಸನ್’ ಧ್ವನಿಮುದ್ರಿಕೆಯು 2003ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಪಟ್ಟಿಗೆ ಆಯ್ಕೆಯಾಯಿತು. ಕ್ಯಾಶ್ ಅವರ ಜೀವನವನ್ನು ಆಧರಿಸಿದ ‘ವಾಕ್ ದ ಲೈನ್’ (2005) ಚಲನಚಿತ್ರದಲ್ಲಿ ಫೋಲ್ಸಮ್ ಪ್ರದರ್ಶನವನ್ನು ಚಿತ್ರಿಸಲಾಗಿದೆ.