ಮಗನಿಗೊಂದು ಕತ್ತಿ ಬೇಕಂತೆ!

“ಅಪ್ಪಯ್ಯಾ, ನಂಗೊಂದ್ ಕತ್ತಿ ಬೇಕ್.”

“ಎಂತಕೆ? ಮನಿಯಂಗೆ ಇಪ್ಪು ಕತ್ತಿ ಸಾಲುದಿಲ್ಯಾ?”

ಕುಂದಾಪುರ, ಬೈಂದೂರು ಕಡೆಯ ಮನೆಗಳಲ್ಲಿ ಇಂಥ ಮಾತುಕತೆ ಈಗ ಅಪರೂಪವೇನಲ್ಲ. ಹೈಸ್ಕೂಲು ಹುಡುಗನ ಕೈಯಲ್ಲಿ ಮೊಬೈಲು. ಅದರಲ್ಲಿ ಯಾವನೋ ವಿದೇಶೀಯ ಕಾಡಿನ ನಡುವೆ ಕುಳಿತು ಒಂದೇ ಚೂರಿಯಿಂದ ಕಟ್ಟಿಗೆ ಸೀಳುತ್ತಾನೆ, ಚಮಚ ಕೆತ್ತುತ್ತಾನೆ, ಗುಡಿಸಲು ಕಟ್ಟುತ್ತಾನೆ. ಈ ವಿದ್ಯೆಗೆ ‘ಬುಷ್‌ಕ್ರಾಫ್ಟ್’ ಎಂದು ಹೆಸರು. ಆ ಚೂರಿಯ ಬೆಲೆ ವಿಚಾರಿಸಿದರೆ ಸಾವಿರಗಟ್ಟಲೆ ರೂಪಾಯಿ! ಅಪ್ಪ ಹೌಹಾರುವುದು ಸಹಜ. ಬೆಲೆಗಿಂತ ಮಿಗಿಲಾದದ್ದು, ಹುಡುಗನ ಕೈಗೆ ಕತ್ತಿಯೆ ಎಂಬ ಅಂಜಿಕೆ.

ತಮಾಷೆಯೆಂದರೆ, ಆ ಹುಡುಗನ ಅಜ್ಜನ ಸೊಂಟದಲ್ಲಿ ದಿನವಿಡೀ ಕತ್ತಿ ಇರುತ್ತಿತ್ತು. ಮರದ ಕೊಕ್ಕೆಯನ್ನು ಹಗ್ಗದಿಂದ ಸೊಂಟಕ್ಕೆ ಬಿಗಿದು, ಅದಕ್ಕೆ ಕತ್ತಿ ಸಿಕ್ಕಿಸಿಕೊಂಡೇ ತೋಟಕ್ಕೂ ಹಾಡಿಗೂ ಹೋಗುತ್ತಿದ್ದ ತಲೆಮಾರು ಅದು. ಸೊಪ್ಪು ಕಡಿಯಲು ಒಂದು, ಭತ್ತ ಕೊಯ್ಯಲು ಹಲ್ಲುಕತ್ತಿ, ಅಡುಗೆಮನೆಯಲ್ಲಿ ಮೆಟ್ಟುಕತ್ತಿ. ಎಲ್ಲವೂ ಊರಿನ ಆಚಾರಿಯ ಕಮ್ಮಾರಸಾಲೆಯಲ್ಲಿ ಹುಟ್ಟಿದವು. ಮೊಮ್ಮಗನಿಗೆ ಬೇಕಾದ ಚೂರಿಯನ್ನೂ ಅಲ್ಲಿಯೇ, ಕೆಲವು ನೂರು ರೂಪಾಯಿಗಳಲ್ಲಿ, ಅವನ ಕೈಯ ಅಳತೆಗೇ ಮಾಡಿಸಬಹುದು. ಏನು ಕೇಳಬೇಕೆಂಬುದು ತಿಳಿದಿದ್ದರೆ ಸಾಕು.

ದಪ್ಪವಲ್ಲ, ತೆಳು

ಮೊದಲನೆಯದು ಅಳತೆ. ಬೆನ್ನಿನ ಮೇಲೆ ಗರಗಸದ ಹಲ್ಲಿರುವ ಉದ್ದನೆಯ, ದಪ್ಪನೆಯ ಚೂರಿ ಸಿನಿಮಾ ನಾಯಕನಿಗೆ ಇರಲಿ. ಬುಷ್‌ಕ್ರಾಫ್ಟ್‌ನವರು ಮೆಚ್ಚುವ ಅಗ್ಗದ ಚೂರಿ ಬರುವುದು ಸ್ವೀಡನ್ನಿನ ಮೋರಾ ಎಂಬ ಊರಿನಿಂದ. 1891ರಲ್ಲಿ ಆರಂಭವಾದ ಕಾರ್ಖಾನೆಯೊಂದರ ಪರಂಪರೆ ಅದರದು. ರೈತರು, ಬಡಗಿಗಳು ಬಳಸುತ್ತ ಬಂದ ತೀರ ಸರಳವಾದ ಉಪಕರಣ. ಅಲಗು ಸುಮಾರು 4 ಅಂಗುಲ, ದಪ್ಪ 2ರಿಂದ 3 ಮಿಲಿಮೀಟರ್, ಅಷ್ಟೆ. ನಮ್ಮ ಆಚಾರಿಯ ಬಳಿಯೂ ಕೇಳಬೇಕಾದದ್ದು ಇದನ್ನೇ: ಅಂಗೈ ಅಗಲದ ಅಲಗು, ನೇರ ಬೆನ್ನು, ತೆಳು ಬಾಯಿ.

ಸಾಲೆಗಳಲ್ಲಿ ಕತ್ತಿಗೆ ಬಳಸುವುದು ಹೆಚ್ಚಾಗಿ ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟು. ಒಳ್ಳೆಯ ಉಕ್ಕು. ಆದರೆ ಪ್ಲೇಟಿನ ದಪ್ಪವನ್ನು ಹಾಗೆಯೇ ಉಳಿಸಿ ಬಾಯಿ ಮಾತ್ರ ಮಸೆದರೆ ಅದು ಕೊಡಲಿಯ ತಮ್ಮನಾದೀತು, ಬಿದಿರಿನ ಸಲಾಕೆ ಹೆರೆಯದು. “ತೆಳ್ಳಗೆ ಬಡಿದು ಕೊಡಿ” ಎಂದು ಒತ್ತಿ ಹೇಳಬೇಕು. ಬಡಿಯುವ ಶ್ರಮಕ್ಕೆ ಆಚಾರಿ ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ.

ಉಕ್ಕಿನ ಮಾತು ಬಂದಾಗ ವಿದ್ಯಾರ್ಥಿಗಳಿಗೆ ಒಂದು ಸಂಗತಿ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ ಭಾರತದ ‘ವೂಟ್ಸ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಸಲ್ಲಿಸಿದ. ಆ ಹೆಸರು ನಮ್ಮ ‘ಉಕ್ಕು’ ಶಬ್ದದ್ದೇ ಅಪಭ್ರಂಶ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಬಲವಾಗಿದೆ.

ಸಾಲೆಯೊಳಗೆ ಯಾವಾಗಲೂ ಮಬ್ಬುಗತ್ತಲೆ ಏಕೆ? ಕಾದ ಉಕ್ಕಿನ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಬೇಕು, ಅದಕ್ಕೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ ಎಂದು ಪಾಠದಲ್ಲಿ ಓದುತ್ತೇವೆ. ಆಚಾರಿಗೆ ಕೆಂಪಿನ ಛಾಯೆಯೇ ಥರ್ಮಾಮೀಟರು. ಅದಕ್ಕೂ ತುಸು ಮೇಲೆ ಕಾಯಿಸಿ ಥಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯಲೂಬಹುದು. ಆದ್ದರಿಂದ ಮತ್ತೆ ಮೆಲ್ಲಗೆ, ಸುಮಾರು 200 ಡಿಗ್ರಿಗೆ ಕಾಯಿಸಿ ಹದಕ್ಕೆ ತರಬೇಕು. ಉಜ್ಜಿ ಬೆಳ್ಳಗಾಗಿಸಿದ ಅಲಗಿನ ಮೇಲೆ ಒಣಹುಲ್ಲಿನ ಹಳದಿ ಮೂಡಿದರೆ ಹದ ಬಂದಂತೆ. ನೀಲಿಗೆ ತಿರುಗಿತೋ, ಬಾಯಿ ಮೆದುವಾಯಿತು. ವಿದ್ಯುತ್ ಚಕ್ರಕ್ಕೆ ಒತ್ತಿ ಹಿಡಿದು ಸಾಣೆ ಮಾಡಿಸಿದಾಗ ಎಷ್ಟೋ ಒಳ್ಳೆಯ ಕತ್ತಿಗಳು ಕೆಡುವುದು ಹೀಗೆಯೇ. ಮತ್ತೆ ಮತ್ತೆ ನೀರಿಗೆ ಅದ್ದುತ್ತ ಹಿಡಿಯಬೇಕು.

ಹದ ಬಂದಿದೆಯೋ ಇಲ್ಲವೋ ಎಂದು ನೋಡಲು ಹೊಸ ಅರವೊಂದನ್ನು ಕತ್ತಿಯ ಬಾಯಿಯ ಮೇಲೆ ಹಗುರವಾಗಿ ಎಳೆಯಿರಿ. ಜಾರಿದರೆ ಗಡುಸು, ಸುಲಭವಾಗಿ ಕಚ್ಚಿದರೆ ಮೆದು.

ಹಿಡಿ ನಿಮ್ಮದೇ ಇರಲಿ

ಅಲಗು ಆಚಾರಿಯದು, ಹಿಡಿ ಮಾತ್ರ ಹುಡುಗನೇ ಮಾಡಲಿ. ಹಿತ್ತಲಿನ ಪೇರಳೆ ಅಥವಾ ಹುಣಸೆಯ ಒಣಗಿದ ಕೊಂಬೆ ಸಾಕು. ಹಸಿ ಮರ ಬೇಡ, ಒಣಗಿದಾಗ ಬಿರಿಯುತ್ತದೆ. ಹಿಡಿ ಅಂಗೈಗಿಂತ ತುಸು ಉದ್ದವಿರಬೇಕು, ದುಂಡಗಿರದೆ ಮೊಟ್ಟೆಯಾಕಾರದಲ್ಲಿರಬೇಕು. ಆಗ ಕಣ್ಣು ಮುಚ್ಚಿ ಹಿಡಿದರೂ ಬಾಯಿ ಯಾವ ಕಡೆಗಿದೆ ಎಂಬುದು ಕೈಗೇ ತಿಳಿಯುತ್ತದೆ. ಹಿಡಿಯೊಳಗೆ ಹೋಗುವ ಬಾಲವನ್ನು ಕಾಯಿಸಿ ತೂತಿಗೆ ಇಳಿಸುವುದು ಹಳೆಯ ಕ್ರಮ. ಇದನ್ನು ದೊಡ್ಡವರೇ ಮಾಡಬೇಕು, ಅದೂ ಅಲಗಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಇಲ್ಲವಾದರೆ ಬಿಸಿ ಏರಿ, ಬಂದ ಹದ ಹೋಗುತ್ತದೆ. ಸಂದಿಗೆ ಹಿಂದೆ ಅರಗು ತುಂಬುತ್ತಿದ್ದರು, ಈಗ ಅರಾಲ್ಡೈಟ್ ಇದೆ. ಕೊನೆಗೆ ಮರಳುಕಾಗದದಿಂದ ತಿಕ್ಕಿ ಎಣ್ಣೆ ಕುಡಿಸಿದರೆ ಮುಗಿಯಿತು.

ಒರೆಗೆ ಚರ್ಮ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಅಲಗಿನ ಆಕಾರಕ್ಕೆ ಮಡಚಿ, ಅಂಚನ್ನು ದಬ್ಬಣದಿಂದ ಹೊಲಿದು ಒಣಗಿಸಿದರೆ ಹಗುರವಾದ, ಗಟ್ಟಿಯಾದ ಒರೆ ಸಿದ್ಧ. ಮಳೆಗಾಲದಲ್ಲಿ ಮಾತ್ರ ಕತ್ತಿಯನ್ನು ಅದರಲ್ಲೇ ಬಿಟ್ಟರೆ ತುಕ್ಕು ಖಂಡಿತ; ಹಾಳೆ ತೇವ ಹೀರುತ್ತದೆ. ನಮ್ಮ ಕಡಲ ಗಾಳಿಗೆ ಈ ಉಕ್ಕು ಹೇಗೂ ಬೇಗ ಸೋಲುತ್ತದೆ. ಒರಸಿ, ತೆಂಗಿನೆಣ್ಣೆ ಸವರಿಡುವುದು ಅಭ್ಯಾಸವಾಗಬೇಕು. ಹಲಸು ಕೊಯ್ಯುವ ಮೊದಲು ಅಮ್ಮ ಕತ್ತಿಗೆ ಎಣ್ಣೆ ಹಚ್ಚುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎಲ್ಲಿ ಬಳಸಬೇಕು, ಎಲ್ಲಿ ಕೂಡದು

ಹೊಸ ಕತ್ತಿ ಬಂದೊಡನೆ ಕೊಡಚಾದ್ರಿಗೆ ಹೊರಡುವ ಉಮೇದು ಬರುತ್ತದೆ. ತಡೆಯಿರಿ. ಕೊಲ್ಲೂರಿನ ಸುತ್ತಲಿನದು ಮೂಕಾಂಬಿಕಾ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧದೊಂದಿಗೆ ಕಾಲಿಡುವಂತಿಲ್ಲ. ಕಾಯ್ದೆ ಹೇಳುವ ಆಯುಧಗಳಲ್ಲಿ ಚೂರಿಯೂ ಸೇರಿದೆ. 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ, ಮನೆ ಅಥವಾ ಕೃಷಿ ಕೆಲಸದ್ದಲ್ಲದ ಚೂರಿಗಳು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೇ ಬರುತ್ತವೆ. ಶಾಲೆಯ ಚೀಲಕ್ಕಂತೂ ಎಷ್ಟು ಚಿಕ್ಕ ಕತ್ತಿಯೂ ಸೇರಕೂಡದು. ಈ ವಿಚಾರದಲ್ಲಿ ಹೆತ್ತವರು ಮೆದುವಾಗಬಾರದು.

ಮನೆಯಂಗಳದಲ್ಲಿ ಮಾತ್ರ ಹೆದರಿ ಕೂರಬೇಕಾಗಿಲ್ಲ. ಸ್ವೀಡನ್ನಿನ ಶಾಲೆಗಳಲ್ಲಿ ಕೈಕೆಲಸ ಇಂದಿಗೂ ಎಲ್ಲ ಮಕ್ಕಳಿಗೂ ಕಡ್ಡಾಯದ ಪಾಠ. ಇದೇ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕೈಕೆಲಸಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ನಡೆಸಿದವರು. ನಾಲ್ಕು ಕಟ್ಟುಪಾಡು ಸಾಕು: ಕುಳಿತೇ ಕೆತ್ತಬೇಕು, ಬಾಯಿ ಸದಾ ಮೈಯಿಂದ ಆಚೆಗೆ ಹೋಗಬೇಕು, ತೋಳು ಚಾಚಿದಷ್ಟು ದೂರದಲ್ಲಿ ಯಾರೂ ಇರಕೂಡದು, ಎದ್ದರೆ ಕತ್ತಿ ಒರೆಯೊಳಗೆ. ಮೊಂಡು ಕತ್ತಿಯೇ ಕೈ ಕೊಯ್ಯುವುದು ಹೆಚ್ಚು, ಏಕೆಂದರೆ ಅದಕ್ಕೆ ಬಲ ಹಾಕಬೇಕಾಗುತ್ತದೆ. ಹಾಗಾಗಿ ಕೆತ್ತುವ ಮೊದಲು ಮಸೆಯಲು ಕಲಿಯಲಿ. ಮಗಳು ಕೇಳಿದರೂ ಇವೇ ಕಟ್ಟುಪಾಡು. “ನಿನಗೆ ಅಡುಗೆಮನೆಯ ಮೆಟ್ಟುಕತ್ತಿ ಇದೆಯಲ್ಲ” ಎಂದು ಹೇಳಿ ಕಳಿಸಬೇಡಿ.

ಮೊದಲ ಕೆಲಸವಾಗಿ ದೀಪಾವಳಿಯ ಗೂಡುದೀಪವನ್ನೇ ಆರಿಸಿಕೊಳ್ಳಬಹುದು. ಬಿದಿರು ಸೀಳಿ, ಸಲಾಕೆಗಳನ್ನು ಒಂದೇ ದಪ್ಪಕ್ಕೆ ಹೆರೆದು ನೋಡಲಿ. ಮೊಬೈಲಿನಲ್ಲಿ ಕಂಡಷ್ಟು ಸುಲಭವಲ್ಲ ಅದು.

ಭತ್ತದ ಕಟಾವು ಯಂತ್ರ ಬಂದ ಮೇಲೆ ಹಲ್ಲುಕತ್ತಿಗೆ ಕೇಳಿಕೆ ಇಳಿದಿದೆ, ಸಾಲೆ ಮುಚ್ಚಿದವರೂ ಇದ್ದಾರೆ. ಉಳಿದವರಲ್ಲಿ ಎಲ್ಲರೂ ದಿನಾಲೂ ಬೆಂಕಿ ಹೊತ್ತಿಸುವುದಿಲ್ಲ. ನಾಲ್ಕು ಕತ್ತಿಯ ಕೆಲಸ ಒಟ್ಟಾದ ಮೇಲೆಯೇ ತಿದಿ ಊದುವುದು. ಮೊದಲೇ ವಿಚಾರಿಸಿಕೊಂಡು, ಮನೆಯ ಮೊಂಡು ಕತ್ತಿಗಳನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಹೋದರೆ ಆಚಾರಿಗೂ ಅನುಕೂಲ. ಜೊತೆಗೆ ಮಗನನ್ನೋ ಮಗಳನ್ನೋ ಕರೆದೊಯ್ಯಲು ಮರೆಯಬೇಡಿ. ಅಳತೆ ಅವರ ಕೈಯದೇ ತೆಗೆಯಬೇಕಲ್ಲ!