ಹೃದ್ರೋಗದಲ್ಲಿ ಮನೆಮದ್ದು ಮತ್ತು ಪೂರಕಗಳು

ಹೃದ್ರೋಗದ ಮನೆಮದ್ದು ಮತ್ತು ಪೂರಕಗಳು ಎಂದರೆ ಹೃದಯ ಹಾಗೂ ರಕ್ತನಾಳಗಳ ಆರೋಗ್ಯವನ್ನು ಕಾಪಾಡಲು, ಅಥವಾ ಹೃದಯಾಘಾತದ ನಂತರ ಚೇತರಿಸಿಕೊಳ್ಳಲು ಸೇವಿಸುವ ಆಹಾರ ಪದಾರ್ಥಗಳು, ಗಿಡಮೂಲಿಕೆಗಳು ಮತ್ತು ಮಾತ್ರೆ ರೂಪದ ಪೋಷಕಾಂಶಗಳು. ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ದಿನನಿತ್ಯದ ಊಟದಲ್ಲಿಯೇ ಇಂತಹ ಹಲವು ಪದಾರ್ಥಗಳಿವೆ. ಇವುಗಳಲ್ಲಿ ಕೆಲವು ರಕ್ತದೊತ್ತಡ ಅಥವಾ ಕೊಬ್ಬಿನ ಪ್ರಮಾಣವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಆದರೆ ಹೃದಯಾಘಾತದ ಚಿಕಿತ್ಸೆಗಾಗಲಿ, ವೈದ್ಯರು ಸೂಚಿಸಿದ ಔಷಧಕ್ಕಾಗಲಿ ಇವು ಬದಲಿಯಲ್ಲ.

ಪ್ರದೇಶ ಮತ್ತು ಆಹಾರ ಪದ್ಧತಿ

ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಗುಲ್ಬರ್ಗಾ ಜಿಲ್ಲೆಯಿಂದ ಪ್ರತ್ಯೇಕಗೊಂಡಿತು. ಜೋಳದ ರೊಟ್ಟಿ, ತೊಗರಿಬೇಳೆ, ಪಲ್ಯ ಮತ್ತು ಹಿಂಡಿ ಇಲ್ಲಿನ ಸಾಂಪ್ರದಾಯಿಕ ಊಟ. ಅಗಸೆ, ಶೇಂಗಾ, ಗುರೆಳ್ಳು ಮೊದಲಾದವುಗಳನ್ನು ಹುರಿದು, ಬೆಳ್ಳುಳ್ಳಿ, ಖಾರ ಹಾಗೂ ಉಪ್ಪು ಸೇರಿಸಿ ಕುಟ್ಟಿದ ಪುಡಿಯನ್ನು ಈ ಭಾಗದಲ್ಲಿ ಹಿಂಡಿ ಎನ್ನುತ್ತಾರೆ. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಬಂದ ನಂತರ ಶಹಾಪುರ ಮತ್ತು ಸುರಪುರ ಭಾಗದಲ್ಲಿ ಭತ್ತದ ಬೆಳೆ ವ್ಯಾಪಿಸಿತು. ಪಾಲಿಶ್ ಮಾಡಿದ ಅಕ್ಕಿಗೆ ಹೋಲಿಸಿದರೆ ಜೋಳದಲ್ಲಿ ನಾರಿನಂಶ ಹೆಚ್ಚು.

ಅಗಸೆ

ಸ್ಥಳೀಯವಾಗಿ ಅಗಸಿ ಎಂದು ಕರೆಯಲಾಗುವ ಅಗಸೆ ಬೀಜದ ಪ್ರತಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲ ಮತ್ತು ಸುಮಾರು 27 ಗ್ರಾಂ ನಾರು ಇರುತ್ತವೆ. ಈ ಆಮ್ಲವು ಒಮೆಗಾ-3 ವರ್ಗಕ್ಕೆ ಸೇರಿದೆ. ಆದರೆ ಮೀನೆಣ್ಣೆಯಲ್ಲಿರುವ ಒಮೆಗಾ-3 ಆಮ್ಲಗಳಾಗಿ ಅದು ದೇಹದಲ್ಲಿ ಪರಿವರ್ತನೆಯಾಗುವುದು ಅಲ್ಪ ಪ್ರಮಾಣದಲ್ಲಿ ಮಾತ್ರ.

ಕೆನಡಾದಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗಿದ್ದ 110 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ದಿನಕ್ಕೆ 30 ಗ್ರಾಂ ಪುಡಿ ಮಾಡಿದ ಅಗಸೆಯನ್ನು ಸೇವಿಸಿದವರ ರಕ್ತದೊತ್ತಡವು ಆರು ತಿಂಗಳ ನಂತರ ಉಳಿದವರಿಗಿಂತ ಸುಮಾರು 10/7 ಮಿ.ಮೀ. ಕಡಿಮೆಯಿತ್ತು. ಇಡಿಯಾಗಿ ನುಂಗಿದ ಬೀಜ ಬಹುಪಾಲು ಜೀರ್ಣವಾಗದೆ ಹೊರಹೋಗುವುದರಿಂದ ಕುಟ್ಟಿ ತಿನ್ನುವ ರೂಢಿ ಸೂಕ್ತವಾದುದು. ಪುಡಿಯು ಬೇಗ ಮುಗ್ಗುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳುವುದು ಒಳಿತು. ಹಿಂಡಿಗೆ ಹಾಕುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ ಸೇವಿಸುವ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು.

ಕುಸುಬೆ ಎಣ್ಣೆ

ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಹೊಲಗಳ ಹಿಂಗಾರು ಬೆಳೆಯಾದ ಕುಸುಬೆಯ ಎಣ್ಣೆಯನ್ನು ಹೃದಯಕ್ಕೆ ಹಿತಕರವೆಂದು ಪರಿಗಣಿಸಲಾಗುತ್ತದೆ. ಅದರಲ್ಲಿರುವ ಲಿನೊಲಿಕ್ ಆಮ್ಲವು ರಕ್ತದ ಕೊಲೆಸ್ಟರಾಲ್ ತಗ್ಗಿಸುವುದು ನಿಜ. ಆದರೆ 1966ರಿಂದ 1973ರವರೆಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 458 ಪುರುಷ ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನವು ಬೇರೆಯೇ ಚಿತ್ರವನ್ನು ನೀಡುತ್ತದೆ. ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬೆ ಎಣ್ಣೆಯನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿದವರ ಕೊಲೆಸ್ಟರಾಲ್ ಇಳಿಯಿತು, ಆದರೆ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಇದರ ಪೂರ್ಣ ಮರುವಿಶ್ಲೇಷಣೆ 2013ರಲ್ಲಿ ಪ್ರಕಟವಾಯಿತು. ಒಗ್ಗರಣೆಗೆ ಬಳಸುವ ಕುಸುಬೆ ಎಣ್ಣೆ ಹಾನಿಕರವೆಂದು ಇದರಿಂದ ಸಿದ್ಧವಾಗುವುದಿಲ್ಲ. ರಕ್ತಪರೀಕ್ಷೆಯ ಒಂದು ಅಂಕಿ ಇಳಿದ ಮಾತ್ರಕ್ಕೆ ಆಯುಷ್ಯ ಹೆಚ್ಚುವುದೆಂದು ಹೇಳಲಾಗದು ಎಂಬುದಷ್ಟೇ ಇದರಿಂದ ತಿಳಿದುಬರುತ್ತದೆ.

ಬೆಳ್ಳುಳ್ಳಿ

ಬೆಳ್ಳುಳ್ಳಿಯನ್ನು ಜಜ್ಜಿದಾಗ ಅಲಿಸಿನ್ ಎಂಬ ಗಂಧಕಯುಕ್ತ ಸಂಯುಕ್ತ ಉಂಟಾಗುತ್ತದೆ. ಅಧಿಕ ರಕ್ತದೊತ್ತಡವಿರುವವರಲ್ಲಿ ಬೆಳ್ಳುಳ್ಳಿಯಿಂದ ಸಣ್ಣ ಪ್ರಮಾಣದ ಇಳಿಕೆ ಕಂಡುಬಂದಿದೆ. ಮುಚ್ಚಿಹೋದ ಹೃದಯದ ರಕ್ತನಾಳವನ್ನು ಬೆಳ್ಳುಳ್ಳಿ ತೆರೆಯುತ್ತದೆ ಎಂಬ ಪ್ರಚಾರಕ್ಕೆ ಆಧಾರವಿಲ್ಲ.

ಅರ್ಜುನ

ಅರ್ಜುನ ಮರವನ್ನು ಕನ್ನಡದಲ್ಲಿ ಹೊಳೆಮತ್ತಿ, ತೊರೆಮತ್ತಿ ಎಂದೂ ಕರೆಯುತ್ತಾರೆ. ಇದು ಹೊಳೆ-ಹಳ್ಳಗಳ ದಡದಲ್ಲಿ ಬೆಳೆಯುತ್ತದೆ. ಇದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿದ ಕ್ಷೀರಪಾಕ ಮತ್ತು ಅರ್ಜುನಾರಿಷ್ಟವನ್ನು ಆಯುರ್ವೇದದಲ್ಲಿ ಹೃದ್ರೋಗಕ್ಕೆ ಬಳಸಲಾಗುತ್ತದೆ. 1995ರಲ್ಲಿ ಪ್ರಕಟವಾದ, 12 ರೋಗಿಗಳನ್ನು ಒಳಗೊಂಡ ಭಾರತೀಯ ಅಧ್ಯಯನವೊಂದರಲ್ಲಿ ಹೃದಯ ವೈಫಲ್ಯದ ಲಕ್ಷಣಗಳು ಸುಧಾರಿಸಿದವು. 2016ರಲ್ಲಿ ಪ್ರಕಟವಾದ ಹೆಚ್ಚು ಕಟ್ಟುನಿಟ್ಟಿನ ಅಧ್ಯಯನದಲ್ಲಿ ತೊಗಟೆಯ ಸಾರವನ್ನು 12 ವಾರ ನೀಡಿದರೂ ಹೃದಯವು ರಕ್ತವನ್ನು ಹೊರದೂಡುವ ಸಾಮರ್ಥ್ಯ ಹೆಚ್ಚಲಿಲ್ಲ.

ಮಾತ್ರೆ ರೂಪದ ಪೂರಕಗಳು

ಮೀನೆಣ್ಣೆ: ಇಟಲಿಯಲ್ಲಿ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ 11,324 ರೋಗಿಗಳ ಅಧ್ಯಯನವು 1999ರಲ್ಲಿ ಲಾಭವನ್ನು ತೋರಿಸಿತು. ಸ್ಟ್ಯಾಟಿನ್ ಔಷಧಗಳು ವ್ಯಾಪಕವಾದ ನಂತರ, 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಹೃದ್ರೋಗವಿಲ್ಲದವರಿಗೆ ದಿನಕ್ಕೆ 1 ಗ್ರಾಂ ನೀಡಿದಾಗ ಒಟ್ಟಾರೆ ಗಮನಾರ್ಹ ಲಾಭ ಕಾಣಲಿಲ್ಲ. ಹೆಚ್ಚಿನ ಪ್ರಮಾಣದ ಸೇವನೆಯಿಂದ ಹೃದಯ ಬಡಿತದ ಲಯ ತಪ್ಪುವ ಅಪಾಯವಿದೆ.

ಸ್ಟ್ಯಾಟಿನ್‌ನೊಂದಿಗೆ ಹೋಲಿಕೆ: 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 5 ಮಿ.ಗ್ರಾಂ ರೋಸುವಾಸ್ಟ್ಯಾಟಿನ್ ಮಾತ್ರೆಯನ್ನು ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್ ಮತ್ತು ಕೆಂಪು ಯೀಸ್ಟ್ ಅಕ್ಕಿಯ ಪೂರಕಗಳೊಂದಿಗೆ ಹೋಲಿಸಿತು. 28 ದಿನಗಳಲ್ಲಿ ಮಾತ್ರೆಯು ಕೆಟ್ಟ ಕೊಲೆಸ್ಟರಾಲ್ ಅನ್ನು ಸುಮಾರು ಶೇ. 38ರಷ್ಟು ಇಳಿಸಿತು. ಆರೂ ಪೂರಕಗಳ ಪರಿಣಾಮವು ಔಷಧವಿಲ್ಲದ ತೋರಿಕೆಯ ಮಾತ್ರೆಗಿಂತ ಉತ್ತಮವಾಗಿರಲಿಲ್ಲ.

ಔಷಧಗಳೊಂದಿಗಿನ ಪ್ರತಿಕ್ರಿಯೆ ಮತ್ತು ವಿಷ

ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿಯಲ್ಲ. ಕಣಗಿಲೆ ಗಿಡದಲ್ಲಿ ಹೃದಯದ ಮೇಲೆ ನೇರವಾಗಿ ವರ್ತಿಸುವ ಗ್ಲೈಕೋಸೈಡ್‌ಗಳಿವೆ. ಅದರ ಎಲೆ, ಬೇರು ಅಥವಾ ಬೀಜದ ಸೇವನೆ ಪ್ರಾಣಕ್ಕೆ ಎರವಾಗಬಲ್ಲದು. ಹೃದ್ರೋಗಿಗಳು ಗಮನಿಸಬೇಕಾದ ಇತರ ಅಂಶಗಳು ಹೀಗಿವೆ:

- ಬೆಳ್ಳುಳ್ಳಿ ಮಾತ್ರೆಗಳು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ವಾರ್ಫರಿನ್ ಜೊತೆ ಸೇರಿದಾಗ ರಕ್ತಸ್ರಾವದ ಸಂಭವ ಹೆಚ್ಚುತ್ತದೆ.
- ಜ್ಯೇಷ್ಠಮಧುವಿನ ದೀರ್ಘಕಾಲದ ಸೇವನೆಯು ರಕ್ತದೊತ್ತಡವನ್ನು ಏರಿಸಿ, ದೇಹದ ಪೊಟ್ಯಾಸಿಯಂ ಅನ್ನು ತಗ್ಗಿಸುತ್ತದೆ.
- ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ವಾರ್ಫರಿನ್‌ಗೆ ವಿರುದ್ಧವಾಗಿ ವರ್ತಿಸುತ್ತದೆ. ಈ ಔಷಧ ಸೇವಿಸುವವರು ಸೊಪ್ಪನ್ನು ಬಿಡಬೇಕಿಲ್ಲ, ಪ್ರಮಾಣವನ್ನು ಏಕಾಏಕಿ ಬದಲಿಸಬಾರದು.
- ಅಗಸೆಯ ನಾರು ಮಾತ್ರೆಗಳ ಹೀರಿಕೆಯನ್ನು ತಡೆಯಬಹುದಾದ್ದರಿಂದ ಎರಡರ ನಡುವೆ ಅಂತರವಿರಬೇಕು.

ಹೃದಯಾಘಾತ ಮತ್ತು ಚೇತರಿಕೆ

ಎದೆಯಲ್ಲಿ ಹಿಂಡಿದಂತಹ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು ಮತ್ತು ಉಸಿರಾಟದ ತೊಂದರೆ ಹೃದಯಾಘಾತದ ಸಾಮಾನ್ಯ ಲಕ್ಷಣಗಳು. ಮಧುಮೇಹಿಗಳಲ್ಲಿ ನೋವು ಸ್ಪಷ್ಟವಾಗಿರದೆಯೂ ಇರಬಹುದು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದಾಗ ಹೃದಯದ ಸ್ನಾಯು ಸಾಯಲಾರಂಭಿಸುತ್ತದೆ. ಇದನ್ನು ವಾಯು ಅಥವಾ ಪಿತ್ತವೆಂದು ಭಾವಿಸಿ ಕಷಾಯ ಕುಡಿದು ಕಾಯುವುದರಿಂದ ಚಿಕಿತ್ಸೆಯ ಅಮೂಲ್ಯ ಸಮಯ ನಷ್ಟವಾಗುತ್ತದೆ. ಕೂಡಲೇ 108 ಸಂಖ್ಯೆಗೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಈ ಭಾಗದ ದೊಡ್ಡ ಹೃದ್ರೋಗ ಚಿಕಿತ್ಸಾ ಕೇಂದ್ರವಾದ ಜಯದೇವ ಸಂಸ್ಥೆಯ ಕಲಬುರಗಿ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿ.ಮೀ., ಸುರಪುರದಿಂದ ಸುಮಾರು 100 ಕಿ.ಮೀ. ದೂರವಿದೆ. ಇಂತಹ ಅಂತರವನ್ನು ಗಮನದಲ್ಲಿಟ್ಟು ರಾಜ್ಯ ಸರ್ಕಾರವು ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರೂಪಿಸಿದೆ. ಇದರಡಿ ಆಯ್ದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಈ ಮದ್ದು ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು ಪರಿಣಾಮಕಾರಿ.

ಚೇತರಿಕೆಯ ಅವಧಿಯಲ್ಲಿ ಆಸ್ಪಿರಿನ್, ಸ್ಟ್ಯಾಟಿನ್ ಮುಂತಾದ ಔಷಧಗಳ ನಿಯಮಿತ ಸೇವನೆ, ತಂಬಾಕಿನ ಸಂಪೂರ್ಣ ತ್ಯಾಗ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಹೆಚ್ಚಿಸುವ ನಡಿಗೆ ಹಾಗೂ ರಕ್ತದೊತ್ತಡ ಮತ್ತು ಸಕ್ಕರೆಯ ನಿಯಂತ್ರಣ ಮುಖ್ಯವಾದವು. ಸ್ಟೆಂಟ್ ಅಳವಡಿಸಿಕೊಂಡವರು ಮನೆಮದ್ದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ಮತ್ತೆ ರಕ್ತ ಹೆಪ್ಪುಗಟ್ಟಬಹುದು. ರೊಟ್ಟಿ, ಬೇಳೆ, ಸೊಪ್ಪು ಮತ್ತು ಮಿತವಾದ ಉಪ್ಪಿನ ಅಗಸೆ ಹಿಂಡಿ ಈ ಔಷಧಗಳ ಜೊತೆಗಿನ ಊಟವಾಗಿ ಸೂಕ್ತ. ಯಾವುದೇ ಮೂಲಿಕೆ ಅಥವಾ ಪೂರಕವನ್ನು ಸೇವಿಸುತ್ತಿದ್ದರೆ ಅದನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸುವುದು ಅಗತ್ಯ.