ಕಾರ್ತಿಕದ ಮಳೆ ಮತ್ತು ನಮ್ಮೂರ ಕೆರೆ

ಚಂಡಮಾರುತವೆಂದರೆ ಒಡಿಶಾದವರ, ಆಂಧ್ರದವರ ಕಷ್ಟವೆಂದು ಭಾವಿಸಿ ಬೆಂಗಳೂರಿನ ನಾವು ನೆಮ್ಮದಿಯಿಂದಿರುವುದು ವಾಡಿಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿರುವ ಚಿಕ್ಕಬಾಣಾವರಕ್ಕೆ ಕಡಲಿನ ಅಲೆ ಬಾರದೆಂಬುದೇನೋ ದಿಟ. ಕಡಲಿನ ಮಳೆ ಬಾರದೆನ್ನುವಂತಿಲ್ಲ. 2021ನೆಯ ವರ್ಷ ಇದನ್ನು ಉತ್ತರ ಬೆಂಗಳೂರಿನ ಮನೆಬಾಗಿಲಿಗೇ ತಂದು ತೋರಿಸಿತು.

ಆ ವರ್ಷ ಭಾರತದ ಇಕ್ಕೆಲದ ಕಡಲುಗಳಲ್ಲಿ ಒಟ್ಟು ಐದು ಚಂಡಮಾರುತಗಳೆದ್ದವು. ಮೇ ತಿಂಗಳಲ್ಲಿ ‘ತೌಕ್ತೆ’ಯು ನಮ್ಮ ಕರಾವಳಿಯ ಮನೆ, ದೋಣಿಗಳನ್ನು ಹಾಳುಗೆಡವಿ, 17ರ ರಾತ್ರಿ ಗುಜರಾತಿನ ತೀರವನ್ನು ಅಪ್ಪಳಿಸಿತು. ಮುಂಬಯಿಯ ಆಚೆ ಕಡಲಿನಲ್ಲಿ ತೈಲ ಕೆಲಸದವರಿದ್ದ ಬಾರ್ಜು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಕೋವಿಡ್ಡಿನ ಎರಡನೆಯ ಅಲೆ ಊರೂರನ್ನು ನುಂಗುತ್ತಿದ್ದ ದಿನಗಳವು! ಒಂಬತ್ತೇ ದಿನಗಳಲ್ಲಿ ‘ಯಾಸ್’ ಒಡಿಶಾಕ್ಕೆ ಬಂದಿತು. ಸೆಪ್ಟೆಂಬರಿನ ‘ಗುಲಾಬ್’ ಆಂಧ್ರದ ತೀರ ಸೇರಿ, ದೇಶವನ್ನೇ ಅಡ್ಡಹಾಯ್ದು, ಅರಬ್ಬೀ ಸಮುದ್ರದಲ್ಲಿ ‘ಶಾಹೀನ್’ ಎಂದು ಮರುಹುಟ್ಟು ಪಡೆದು ಒಮಾನ್ ದೇಶವನ್ನು ಹೊಡೆದದ್ದು ಅಪೂರ್ವ ಸಂಗತಿ. ಕೊನೆಯದಾದ ‘ಜವಾದ್’ ಡಿಸೆಂಬರಿನದು.

ನಮಗೆ ಪೆಟ್ಟು ಕೊಟ್ಟದ್ದು ಮಾತ್ರ ಇವುಗಳಾವುವೂ ಅಲ್ಲ. ಹೆಸರಿಲ್ಲದ ವಾಯುಭಾರ ಕುಸಿತ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರಷ್ಟೇ ಚಂಡಮಾರುತಕ್ಕೆ ನಾಮಕರಣ. ಮಳೆಗೆ ಅಂಥ ಕಟ್ಟಳೆಯಿಲ್ಲ. ನವೆಂಬರ್ 19ರಂದು ಪುದುಚೇರಿ, ಚೆನ್ನೈಗಳ ನಡುವೆ ಕುಸಿತವೊಂದು ದಡ ಸೇರಿತು. ಮಳೆ ಹಿಡಿದುಕೊಂಡಿತು. 21ರ ಭಾನುವಾರ ರಾತ್ರಿ ಯಲಹಂಕದ ಕೆರೆ ಉಕ್ಕಿ, ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯ ನೀರಿನಲ್ಲಿ ನಿಂತಿತು. ಮರುದಿನ ಕಾರ್ತಿಕ ಸೋಮವಾರ. ದೀಪ ಹಚ್ಚಬೇಕಾದ ಮನೆಗಳಿಂದ ವೃದ್ಧರನ್ನೂ ಮಕ್ಕಳನ್ನೂ ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಹಳ್ಳಿಗಳ ಕಡೆ ಕೊಯ್ಲಿಗೆ ನಿಂತ ರಾಗಿ ತೆನೆಯಲ್ಲಿಯೇ ಮೊಳೆಯಿತು. 2024ರ ಅಕ್ಟೋಬರ್ 22ರಂದು ಅದೇ ವಸತಿ ಸಮುಚ್ಚಯಕ್ಕೆ ಮತ್ತೆ ನೀರು ನುಗ್ಗಿತು.

ಮಳೆಯೊಂದನ್ನೇ ದೂರುವುದು ನ್ಯಾಯವಲ್ಲ. ದೊಡ್ಡ ನದಿಯಿಲ್ಲದ ಈ ಊರಿನಲ್ಲಿ ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುವಂತೆ ಹಿರಿಯರು ಏರ್ಪಡಿಸಿದ್ದರು. ಸೊನ್ನಲಿಗೆಯ ಸಿದ್ಧರಾಮೇಶ್ವರರಿಗಂತೂ ಕೆರೆ ಕಟ್ಟಿಸುವುದೇ ಕಾಯಕವಾಗಿತ್ತು. ಸೊಲ್ಲಾಪುರದಲ್ಲಿ ಅವರ ದೇವಾಲಯ ಇಂದಿಗೂ ಕೆರೆಯ ನೀರಿನ ನಡುವೆಯೇ ಇದೆ. ಆ ಶರಣರ ಜಯಂತಿಯನ್ನು ವರ್ಷವರ್ಷವೂ ಆಚರಿಸುವ ನಾವು ನಮ್ಮೂರ ಕೆರೆಯ ಏರಿಯನ್ನು ಹತ್ತಿ ನೋಡಿ ಎಷ್ಟು ಕಾಲವಾಯಿತು?

ಚಿಕ್ಕಬಾಣಾವರದ ಕೆರೆಗೆ ಪೀಣ್ಯ, ದಾಸರಹಳ್ಳಿಗಳ ಕಡೆಯಿಂದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಹರಿದು ಬಂದುದು ಎಲ್ಲರೂ ಬಲ್ಲ ವಿಷಯ. ಕೊಳಚೆಯಿಂದ ತುಂಬಿರುವ ಕೆರೆಯಲ್ಲಿ ನವೆಂಬರಿನ ಮಳೆಗೆ ಎಡೆಯೆಲ್ಲಿ? ಇದನ್ನು ಸರ್ಕಾರವೇ ಸರಿಪಡಿಸಬೇಕೆಂಬುದು ಸರಿ. ಆದರೂ ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯ ಪ್ರತಿಯನ್ನು ತರಿಸಿ, ಕೋಡಿ ಎಲ್ಲಿ, ಕಾಲುವೆ ಎಲ್ಲಿ ಎಂದು ಬಡಾವಣೆಯ ಹಿರಿಯರೂ ತರುಣರೂ ಒಂದು ಭಾನುವಾರ ನಡೆದು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನಕ್ಷೆಯಲ್ಲಿನ ಕಾಲುವೆಯ ಗೆರೆ ನಮ್ಮವರದೇ ನಿವೇಶನದ ಮೇಲೆ ಹಾದುಹೋಗಿರಲೂಬಹುದು. ಹಾಗಿದ್ದಲ್ಲಿ ಅದನ್ನು ಮುಚ್ಚಿಡದೆ ಸಭೆಯ ಮುಂದಿಡಬೇಕು.